ಮೂರು ಕಾಲಮಿನಲ್ಲಿ ಹಿಡಿಸದ ಮಾತು

ಬಿಜೈಯ ನಮ್ಮ ಮನೆಯಿಂದ ಸರಕಾರಿ ಬಸ್ ನಿಲ್ದಾಣಕ್ಕೆ ನಡೆದರೆ ಐದು ನಿಮಿಷ. ಆದರೂ ಎಪ್ಪತ್ತೆರಡು ವರ್ಷದ ನನ್ನ ಅಮ್ಮ ಅಲ್ಲಿ ಬಸ್ಸು ಹತ್ತಿದ್ದು ಅಪರೂಪ. ಮಂಗಳೂರಿನೊಳಗೆ ಓಡಾಡಲು ನಮಗೆ ಖಾಸಗಿ ಸಿಟಿ ಬಸ್ಸೇ ಅಭ್ಯಾಸ. ಸರಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಶುರುವಾಗಿ ಮೂರು ತಿಂಗಳಾದರೂ ಅಮ್ಮನಿಗೆ ಅದರ ರುಚಿ ಹತ್ತಿರಲಿಲ್ಲ. ಹಂಪನಕಟ್ಟೆ ಪೇಟೆಗೆ ದುಡ್ಡು ಕೊಟ್ಟು ಹೋಗಿ ಬಂದಾಗಲೆಲ್ಲ, "ಇಡೀ ರಾಜ್ಯದ ಹೆಂಗಸರು ಫ್ರೀಯಲ್ಲಿ ತಿರುಗ್ತಾರೆ, ನಮಗೆ ಮಾತ್ರ ಎಂತ ಶಾಪ?" ಎಂದು ನನ್ನನ್ನು ಕೇಳುತ್ತಿದ್ದರು. ನಾನು ಪತ್ರಿಕೆಯ ಡೆಸ್ಕಿನಲ್ಲಿರುವವಳು. ಸರಕಾರ ಮಾಡುವುದಕ್ಕೆಲ್ಲ ಮನೆಯಲ್ಲಿ ನಾನೇ ಉತ್ತರ ಕೊಡಬೇಕು.

ಒಂದು ಬುಧವಾರ, ನನ್ನ ವಾರದ ರಜೆಯ ದಿನ, ಅಮ್ಮ ಮತ್ತು ಪಕ್ಕದ ಮನೆಯ ಆಂಟಿ ಸೇರಿ ಪುತ್ತೂರಿಗೆ ಹೋಗುವುದೆಂದು ತೀರ್ಮಾನಿಸಿದರು. ಪುತ್ತೂರಿನಲ್ಲಿ ಇಬ್ಬರಿಗೂ ಯಾವ ಕೆಲಸವೂ ಇರಲಿಲ್ಲ. ಬಸ್ಸು ಹೋಗುತ್ತದೆ, ಆದ್ದರಿಂದ ಹೋಗುವುದು. ಜೊತೆಗೆ ನನ್ನನ್ನೂ ಹೊರಡಿಸಿದರು.

ಆಂಟಿ ಬ್ಯಾರಿ ಮುಸ್ಲಿಂ ಕುಟುಂಬದವರು. ಗಂಡ ಬಹಳ ವರ್ಷ ಗಲ್ಫಿನಲ್ಲಿದ್ದರು, ಈಗ ಮಗನ ಅಂಗಡಿ ಉಂಟು. ಗಡಿಯಾಚೆ, ಕೇರಳದ ಉಪ್ಪಳದಿಂದ ಮದುವೆಯಾಗಿ ಬಂದು ನಲವತ್ತು ವರ್ಷ ಕಳೆದಿದೆ. ನಮ್ಮದು ಮೀನುಗಾರರ ಮನೆತನ. ಅಮ್ಮ ಮಾರುಕಟ್ಟೆಯಲ್ಲಿ ಮೀನು ಮಾರಿ ನನ್ನನ್ನು ಓದಿಸಿದವರು. ಇಬ್ಬರ ನಡುವಿನ ಮಾತು ತುಳುವಿನಲ್ಲಿ. ಕನ್ನಡವನ್ನು ಆ ದಿನ ಕಂಡಕ್ಟರನಿಗೆಂದು ಎತ್ತಿಟ್ಟಿದ್ದರು.

ನಿಲ್ದಾಣಕ್ಕೆ ಹೋಗುವಾಗಲೇ ಇಬ್ಬರೂ ಶಾಲಾ ಪ್ರವಾಸಕ್ಕೆ ಹೊರಟ ಮಕ್ಕಳ ಹಾಗಾಗಿದ್ದರು. ಬಸ್ಸಿನಲ್ಲಿ ಮೊದಲು ಎಡಬದಿಯಲ್ಲಿ ಕುಳಿತರು, ಬಿಸಿಲೆಂದು ಬಲಬದಿಗೆ ಬಂದರು, ಬಸ್ಸು ತಿರುಗಿದಾಗ ಬಿಸಿಲೂ ತಿರುಗಿತೆಂದು ಬಿದ್ದು ಬಿದ್ದು ನಕ್ಕರು. ಕಂಡಕ್ಟರ್ ಬಂದು "ಎಲ್ಲಿಗ್ರಿ?" ಎಂದ.

"ಬಸ್ಸು ಎಲ್ಲಿವರೆಗೆ ಹೋಗ್ತದೆ, ಅಲ್ಲಿವರೆಗೆ," ಅಂದರು ಅಮ್ಮ.

ನನಗೂ ಅಮ್ಮನಿಗೂ ಸೊನ್ನೆ ರೂಪಾಯಿಯ ಟಿಕೆಟ್ ಬಂತು. ಆಂಟಿಯ ಆಧಾರ್ ಕಾರ್ಡನ್ನು ಆತ ತಿರುಗಿಸಿ ನೋಡಿದ. ಅದರ ಮೇಲಿದ್ದುದು ಮಲಯಾಳ ಅಕ್ಷರ. ತಾಯಿ ಹಾಸಿಗೆ ಹಿಡಿದಾಗ ಆಂಟಿ ಕೆಲವು ವರ್ಷ ಉಪ್ಪಳದಲ್ಲೇ ಉಳಿದಿದ್ದರು. ಕಾರ್ಡು ಆಗ ಮಾಡಿಸಿದ್ದು.

"ಯವ್ವಾ, ಇದು ಕೇರಳದ ಕಾರ್ಡ ಐತಿ. ಫ್ರೀ ಕೊಡಾಕ ಬರಂಗಿಲ್ರಿ."

"ಇಂಡಿಯಾದ್ದೇ ಅಲ್ವಾ? ಮೇಲೆ ಸಿಂಹ ಉಂಟಲ್ಲ," ಅಂದರು ಆಂಟಿ.

"ಸಿಂಹ ಅದಾವ್ರಿ. ಅಡ್ರೆಸ್ ಉಪ್ಪಳದಾಗ ಐತ್ರಿ."

ಅಮ್ಮ ಸೆರಗು ಬಿಗಿದರು. ಮೀನು ಮಾರುವಾಗ ಚೌಕಾಸಿಗೆ ಇಳಿದವರನ್ನು ನೋಡುತ್ತಿದ್ದ ಅದೇ ನೋಟ.

"ನಿಮ್ಮದು ಯಾವ ಊರು?"

"ಬಿಜಾಪುರ ಕಡೆ ರೀ."

"ಇಲ್ಲಿಗೆ ಬಂದು ಎಷ್ಟಾಯ್ತು?"

"ಎರಡು ವರ್ಷ ಆತ್ರಿ."

"ಇವಳು ಬಂದು ನಲವತ್ತು. ನೀವು ಒಳಗಿನವರು, ಇವಳು ಹೊರಗಿನವಳಾ ಮಾರಾಯ್ರೆ?"

"ನನಗೇನ ಗೊತ್ರಿ ಯವ್ವಾ, ರೂಲ್ಸ್ ಹಂಗ ಐತಿ. ನನ್ನ ಹೆಂಡ್ತಿಗೆ ಪೂರಾ ಫ್ರೀ ಐತ್ರಿ. ಆದ್ರ ಆಕಿ ಈ ಊರಿಗೆ ಬರಾಕ ಒಲ್ಲೆ ಅಂತಾಳ. ಮೀನಿನ ವಾಸನಿ ಅಂತ್ರಿ."

"ಎಂತ? ಮೀನಿನ ಎಂತ?" ಅಮ್ಮ ಅರ್ಧ ಎದ್ದೇ ನಿಂತರು. ಬಸ್ಸಿನಲ್ಲಿದ್ದವರು ಹೋ ಎಂದು ನಕ್ಕರು. ಹಿಂದಿನ ಸೀಟಿನಿಂದ ಯಾರೋ, "ಒಮ್ಮೆ ಬಂಗುಡೆ ಮೀನಿನ ಪುಳಿಮುಂಚಿ ಸಾರು ಕೊಟ್ಟು ನೋಡಿ, ಮತ್ತೆ ವಾಪಸ್ ಹೋಗುದಿಲ್ಲ!" ಎಂದು ಕೂಗಿದರು.

ಆಂಟಿ ಮಾತ್ರ ನಗಲಿಲ್ಲ. ಪರ್ಸಿನೊಳಗಿಂದ ನಾಲ್ಕಾಗಿ ಮಡಚಿದ ಕಾಗದವೊಂದನ್ನು ತೆಗೆದು ಕಂಡಕ್ಟರನ ಮುಂದೆ ಬಿಡಿಸಿದರು.

"ಇದು ನೋಡಿ. ಪೇಪರಿನಲ್ಲೇ ಬಂದಿದೆ."

ಅದು ನಮ್ಮ ಪತ್ರಿಕೆಯ ತುಣುಕು. ಮೂರು ಕಾಲಮಿನ ಹೆಡ್ಡಿಂಗ್: "ಎಲ್ಲ ಮಹಿಳೆಯರಿಗೂ ಉಚಿತ ಬಸ್ ಪ್ರಯಾಣ."

ನಾನು ಕಿಟಕಿಯ ಹೊರಗೆ ನೋಡತೊಡಗಿದೆ. ಆ ಹೆಡ್ಡಿಂಗ್ ಕೊಟ್ಟವಳು ನಾನೇ. ಮೊದಲು ಬರೆದದ್ದರಲ್ಲಿ "ರಾಜ್ಯದ ನಿವಾಸಿಗಳಾದ" ಎಂಬ ಮಾತಿತ್ತು. ಮೂರು ಕಾಲಮಿನಲ್ಲಿ ಅದು ಹಿಡಿಸಲಿಲ್ಲ. ಪುಟ ಪ್ರೆಸ್ಸಿಗೆ ಹೋಗುವ ಹೊತ್ತಾಗಿತ್ತು. ಅದನ್ನು ಕಿತ್ತು ಹಾಕಿ "ಎಲ್ಲ" ಎಂದು ಸೇರಿಸಿದೆ. ಡೆಸ್ಕಿನಲ್ಲಿ ಅದಕ್ಕಿಂತ ಅನುಕೂಲದ ಮಾತು ಇನ್ನೊಂದಿಲ್ಲ, ಜಾಗ ಬಹಳ ಕಡಿಮೆ ತಿನ್ನುತ್ತದೆ. ಷರತ್ತು ಸುದ್ದಿಯ ಒಳಗೆ, ಸಣ್ಣ ಅಕ್ಷರದಲ್ಲಿ ಇದ್ದೇ ಇತ್ತು.

"ಒಳಗೆ ಬರೆದದ್ದನ್ನು ಓದಿದ್ರಾ ಆಂಟಿ?" ಎಂದು ಮೆಲ್ಲಗೆ ಕೇಳಿದೆ.

"ದೊಡ್ಡ ಅಕ್ಷರದಲ್ಲಿ ಎಲ್ಲರಿಗೂ ಅಂತ ಹೇಳಿದ ಮೇಲೆ ಸಣ್ಣ ಅಕ್ಷರ ಯಾಕೆ ಓದ್ಬೇಕು?"

ನನ್ನ ಮುಖ ನೋಡಿ ಅಮ್ಮನಿಗೆ ಎಲ್ಲ ಹೊಳೆಯಿತು. ಮಗಳೆಂಬ ದಾಕ್ಷಿಣ್ಯ ಅವರಿಗಿರಲಿಲ್ಲ. "ಇವಳೇ! ಪೇಪರಿನಲ್ಲಿ ಹೆಡ್ಡಿಂಗ್ ಹಾಕುದು ಇವಳದ್ದೇ ಕೆಲಸ!" ಎಂದು ಇಡೀ ಬಸ್ಸಿಗೆ ಸಾರಿದರು.

ಕಂಡಕ್ಟರ್ ನನ್ನತ್ತ ತಿರುಗಿದ. ಬಹುಕಾಲ ಹುಡುಕಿದವರು ಕೊನೆಗೂ ಸಿಕ್ಕಿದಂತಿತ್ತು ಅವನ ಮುಖ. "ಮೇಡಮ್ಮಾರ, ನೀವೇನ್ರಿ? ಮೂರು ತಿಂಗಳಿಂದ ದಿನಾ ಇದ ಜಗಳ ಐತ್ರಿ ನಂದು!"

ತೀರ್ಪು ಆಂಟಿಯೇ ಕೊಟ್ಟರು: ಹೆಡ್ಡಿಂಗ್ ಹಾಕಿದವಳೇ ಟಿಕೆಟ್ ತೆಗೆಯಬೇಕು. ತೆಗೆದೆ. ಆಂಟಿ ಆ ಟಿಕೆಟನ್ನು ಎತ್ತಿ ಹಿಡಿದು, "ಇಲ್ಲಿ ಹೆಂಗಸರಲ್ಲಿ ದುಡ್ಡಿನ ಟಿಕೆಟ್ ನನ್ನದೊಂದೇ. ಕಿಟಕಿ ನನಗೆ. ಫ್ರೀಯವರು ಆಚೆ ಸರಿಯಿರಿ," ಎಂದು ಅಮ್ಮನನ್ನು ನೂಕಿದರು. ಅರ್ಧ ದಾರಿಯ ಬಿ.ಸಿ. ರೋಡಿನವರೆಗೂ ಇಬ್ಬರ ನಗು ನಿಲ್ಲಲಿಲ್ಲ. ಆಮೇಲೆ ಆಂಟಿ ಅಮ್ಮನ ಕೈಯಲ್ಲಿದ್ದ ಟಿಕೆಟನ್ನು ತೆಗೆದು ತಮ್ಮದರ ಪಕ್ಕ ಹಿಡಿದು ಸ್ವಲ್ಪ ಹೊತ್ತು ನೋಡಿದರು.

"ದುಡ್ಡಿಗಲ್ಲ ಅಕ್ಕ," ಎಂದರು. "ನನಗೂ ನಿಮ್ಮ ಹಾಗಿನದ್ದೇ ಒಂದು ಬೇಕಿತ್ತು."

ಅಮ್ಮ ನನ್ನ ಕಡೆ ತಿರುಗಿ, "ನಾಳೆಯೇ ಇವಳ ಅಡ್ರೆಸ್ ಬದಲು ಮಾಡಿಸಿ ಕೊಡು," ಎಂದರು. ಪುತ್ತೂರಿನಲ್ಲಿ ಗೋಳಿಬಜೆ ತಿಂದು, ಚಾ ಕುಡಿದು ವಾಪಸಾದೆವು.

ಆಧಾರ್ ಕೇಂದ್ರದಲ್ಲಿ ಸರತಿಯಲ್ಲಿ ನಿಂತು ಅರ್ಜಿ ತುಂಬಿಸಿದ್ದು ನಾನು. ಹೊಸ ಕಾರ್ಡು ಕನ್ನಡ ಅಕ್ಷರದಲ್ಲಿ ಬಂತು. ಮತ್ತೊಂದು ಬುಧವಾರ, ಮತ್ತೆ ಪುತ್ತೂರಿನ ಬಸ್ಸು, ಅದೇ ಕಂಡಕ್ಟರ್. ಆಂಟಿ ಕಾರ್ಡನ್ನು ಅವನ ಮೂಗಿನ ಹತ್ತಿರ ಹಿಡಿದರು. "ಓದಿ."

ಆತ ವಿಳಾಸವನ್ನು ಪಿನ್ ಕೋಡ್ ಸಮೇತ ಗಟ್ಟಿಯಾಗಿ ಓದಿದ. ಹಿಂದಿನ ಸೀಟಿನವರು ಚಪ್ಪಾಳೆ ತಟ್ಟಿದರು. ಮೂರು ಸೊನ್ನೆ ಟಿಕೆಟ್ ಬಂದವು. ಆಂಟಿ ಮೂರನ್ನೂ ತೊಡೆಯ ಮೇಲೆ ಸಾಲಾಗಿ ಇಟ್ಟು ಲಾಟರಿ ನಂಬರ್ ನೋಡುವವರ ಹಾಗೆ ಒಂದೊಂದನ್ನೇ ಪರೀಕ್ಷಿಸಿದರು.

"ಮೂರೂ ಒಂದೇ, ಅಲ್ವಾ?"

"ಒಂದೇ ಆಂಟಿ."

ಅಮ್ಮ ಮಾರುಕಟ್ಟೆಯ ಕಾಲದ ದೊಡ್ಡ ಗಂಟಲಿನಲ್ಲಿ ನಗುತ್ತಿದ್ದರು. ಆಗ ಆಂಟಿ ನನ್ನನ್ನು ಕೇಳಿದರು: "ಉಪ್ಪಳದಲ್ಲಿ ನನ್ನ ತಂಗಿ ಇದ್ದಾಳಲ್ಲ, ಅವಳು ಬಂದ್ರೆ?"

"ಅವರಿಗೆ ಇಲ್ಲ."

"ಹಾಗಾದ್ರೆ ನಿನ್ನ ಹೆಡ್ಡಿಂಗ್ ಇನ್ನೂ ತಪ್ಪೇ."

ತಪ್ಪೇ, ಎಂದು ಒಪ್ಪಿಕೊಂಡೆ. ತಿದ್ದುಪಡಿ ಹಾಕಿಸುವ ಕಾಲ ಮೀರಿತ್ತು. ಆ ತುಣುಕನ್ನು ಕೊಡಿ ಎಂದು ಕೈ ಚಾಚಿದೆ. ಆಂಟಿ ಅದನ್ನು ಹೊಸ ಕಾರ್ಡಿನ ಜೊತೆ ಮಡಚಿ ಪರ್ಸಿನೊಳಗೆ ಸೇರಿಸಿ ಜಿಪ್ ಎಳೆದರು.

"ಇದು ನನ್ನ ಹತ್ರವೇ ಇರಲಿ. ಹೆಡ್ಡಿಂಗ್ ಸರಿ ಆದ ದಿನ ಕೊಡ್ತೇನೆ."