ಒಂದು ಮೆಟ್ಟಿಲು ಇಳಿಸಿದ ತಂಬೂರಿ

ಈ ಕಾಲದ ಧಾವಂತದಲ್ಲಿ ಶಾಸ್ತ್ರೀಯ ಸಂಗೀತ ಯಾರಿಗೆ ಬೇಕು ಎಂಬ ಪ್ರಶ್ನೆಗೆ ವಿದ್ವಾಂಸರು ದೊಡ್ಡ ಉತ್ತರಗಳನ್ನು ಕೊಟ್ಟಿದ್ದಾರೆ. ಮೂರು ದಶಕ ಸಂಗೀತ ಶಾಲೆಯಲ್ಲಿ ಗಾಯನ ಕಲಿಸಿ ಈಗ ನಿವೃತ್ತರಾಗುತ್ತಿರುವ ನಮ್ಮ ಟೀಚರು ಆ ಚರ್ಚೆಗೆ ಹೋದವರಲ್ಲ. ಬ್ಯಾಂಕಿನವರು, ನರ್ಸುಗಳು, ಎಳೆಮಕ್ಕಳ ತಾಯಂದಿರು ಬಿಡುವಾದಾಗ ಬಂದು ಹಾಡಲೆಂದು ಪಾಠದ ವೇಳೆಯನ್ನೇ ಬದಲಿಸಿಕೊಂಡವರು ಅವರು. ಆ ತಾಯಂದಿರಲ್ಲಿ ನಾನೂ ಒಬ್ಬಳು. ಒಲೆಯ ಮೇಲೆ ಬೇಳೆ ಬೇಯುವಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ.

ಮದುವೆಗೆ ಮುಂಚೆ ಅವರ ಬಳಿ ಕಲಿತಿದ್ದೆ. ಮಗಳು ಹುಟ್ಟಿದ ಮೇಲೆ ತರಗತಿಗೆ ಮರಳಿದಾಗ ಮೇಲಿನ ಷಡ್ಜ ಮುಟ್ಟುವಷ್ಟರಲ್ಲಿ ದನಿ ಒಡೆಯುತ್ತಿತ್ತು. ಕೆಲವು ತಿಂಗಳು ಹೆಣಗಿ, ಕೊನೆಗೆ ಹಾಡುವುದನ್ನೇ ಬಿಡುತ್ತೇನೆಂದು ಹೇಳಲು ಹೋದೆ. ಅವರು ವಾದಿಸಲಿಲ್ಲ. "ನಾಳೆ ಮಗು ನೋಡೋಕೆ ಬರ್ತೀನಿ, ಟೀ ಮಾಡಿಡು" ಎಂದರು.

ಮರುದಿನ ಟೀಚರು ನನ್ನ ಮಗಳನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತರು. ಟೀ ಕುದಿಸುತ್ತ ನಾನು ಅಭ್ಯಾಸಬಲದಿಂದ ಕಲ್ಯಾಣಿ ರಾಗವನ್ನು ಮೆಲ್ಲಗೆ ಹಾಡಿಕೊಳ್ಳುತ್ತಿದ್ದೆ. ಹಳೆಯ ಫ್ರಿಜ್ಜಿನ ಮೋಟಾರು ನಡುಗಿ ನಿಂತಿತು. ನಾನೂ ನಿಲ್ಲಿಸಿದೆ.

"ಯಾಕೇ ನಿಲ್ಲಿಸ್ದೆ? ಚೆನ್ನಾಗಿ ಬರ್ತಿತ್ತಲ್ಲ."

"ಶ್ರುತಿ ನಿಂತ್ಹೋಯ್ತಲ್ಲ ಟೀಚರ್."

"ಯಾವ ಶ್ರುತಿ?"

ನಾನು ಪೆಚ್ಚಾಗಿ ಫ್ರಿಜ್ಜಿನ ಕಡೆ ನೋಡಿದೆ. ಶ್ರುತಿಪೆಟ್ಟಿಗೆ ಹಾಕಿದರೆ ಮಗು ಏಳುತ್ತದೆಂದು ಅಷ್ಟು ದಿನವೂ, ತರಗತಿಯ ಶ್ರುತಿಗಿಂತ ತಗ್ಗಿನ ಅದರ ಗುಂಯ್ ಸದ್ದಿಗೇ ಹಾಡುತ್ತಿದ್ದೆನೆಂಬುದು ನನಗೇ ಆಗ ಹೊಳೆಯಿತು. ಟೀಚರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಯ್ಯೋ ನಿನ್ನ! ಗಂಟಲು ಎಲ್ಲೂ ಹೋಗಿಲ್ಲ ಕಣೇ. ಹೆರಿಗೆ ಆದ್ಮೇಲೆ ಒಂದು ಮೆಟ್ಟಿಲು ಇಳಿದು ಕೂತಿದೆ, ಅಷ್ಟೇ. ಈ ಫ್ರಿಜ್ಜಿಗೆ ತಿಳಿದಿದ್ದು ನನಗೆ ತಿಳೀಲಿಲ್ಲ ನೋಡು, ಸುಮ್ನೆ ಮೇಲಕ್ಕೆ ಎಳೀತಿದ್ದೆ."

ಮುಂದಿನ ಪಾಠದಿಂದ ನನ್ನ ಸರದಿ ಬಂದಾಗಲೆಲ್ಲ ತಂಬೂರಿಯ ನಾಲ್ಕೂ ತಂತಿಗಳನ್ನು ಇಳಿಸಿ, ಉಳಿದವರಿಗಾಗಿ ಮತ್ತೆ ಏರಿಸುತ್ತಿದ್ದರು. ಆ ಕೆಲಸದ ಬೇಸರವನ್ನು ತಂಬೂರಿ ಹಿಡಿದವರೇ ಬಲ್ಲರು. ಅವರ ಮುಖದಲ್ಲಿ ಅದನ್ನು ನಾನು ಕಾಣಲಿಲ್ಲ. "ಫ್ರಿಜ್ಜಮ್ಮ ಬಂದ್ಲು, ಇಳಿಸಿ ಟೀಚರ್" ಎಂದು ಜೊತೆಯವಳೊಬ್ಬಳು ಚುಡಾಯಿಸಿದರೆ, "ನಿನಗೂ ಒಂದು ಮಗು ಆಗ್ಲಿ, ನಿನಗೂ ಇಳಿಸ್ತೀನಿ" ಎನ್ನುತ್ತಿದ್ದರು. ಅವಳಿಗೂ ಮಗು ಆಯಿತು, ಇಳಿಸಿದರು ಕೂಡ.

ಆ ಫ್ರಿಜ್ ಹೋಗಿ ಸದ್ದಿಲ್ಲದ ಹೊಸದು ಬಂದಿದೆ. ನಾನಿನ್ನೂ ಹಾಡುತ್ತಿದ್ದೇನೆ. ನಮ್ಮ ಟೀಚರಿಗೆ ದೀರ್ಘಾಯುಸ್ಸೂ ಬೆರಳುಗಳಲ್ಲಿ ಬಲವೂ ಇರಲಿ. ಶಾಲೆಯ ತಂಬೂರಿ ಶಾಲೆಯಲ್ಲೇ ಉಳಿಯುತ್ತದೆ; ಅವರ ಮನೆಯಲ್ಲಿ ಅವರದೇ ಒಂದಿದೆ. ಮುಂದಿನ ವಾರ ಅಲ್ಲಿಗೇ ಬರಲೇ ಎಂದು ನಿನ್ನೆ ಫೋನಿನಲ್ಲಿ ಕೇಳಿದೆ.

"ಬಾ, ಇಳಿಸಿಟ್ಟಿರ್ತೀನಿ" ಎಂದರು.