ಸುಗಂಧಾಳ ಬಲಗೈ

ಅಂಕೋಲೆ ಹತ್ತಿರದ ಕೇಣಿ ಊರಿನ ಸುಗಂಧಾ ಇಪ್ಪತ್ತಾರು ವರ್ಷಗಳಿಂದ ಒಂದೇ ಮಗ್ಗುಲಲ್ಲಿ ಮಲಗುತ್ತಾಳೆ. ಗಂಡನ ಕಡೆ ಮುಖ, ಬಲಗೈ ಅವನ ಕುತ್ತಿಗೆಯ ಹಿಂದೆ. ನೋಡಿದವರು ಸರಸ ಅಂದುಕೊಂಡಾರು. ಸರಸವೂ ಇಲ್ಲ, ಮಣ್ಣೂ ಇಲ್ಲ, ಅದು ಕಾವಲು.

ಗಂಡ ದೇವಿದಾಸನಿಗೆ ಹತ್ತೊಂಬತ್ತನೇ ವಯಸ್ಸಿಗೇ ಟೈಪ್ ಒನ್ ಸಕ್ಕರೆ ಕಾಯಿಲೆ ಬಂತು. ವಯಸ್ಸಾದವರಿಗೆ ಬರುವ ಸಕ್ಕರೆ ಕಾಯಿಲೆಯಲ್ಲ ಇದು, ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತುಹೋಗುವಂಥದ್ದು. ಬೆಳಿಗ್ಗೆ ಮತ್ತು ರಾತ್ರಿ ಊಟಕ್ಕೆ ಅರ್ಧ ಗಂಟೆ ಮೊದಲು ಹೊಟ್ಟೆಗೆ ಚುಚ್ಚಿಕೊಳ್ಳಬೇಕು, ಚುಚ್ಚಿಕೊಂಡಷ್ಟಕ್ಕೆ ತಕ್ಕಂತೆ ಉಣ್ಣಬೇಕು. ಉಣ್ಣದಿದ್ದರೆ ರಕ್ತದ ಸಕ್ಕರೆ ಇಳಿಯುತ್ತ ಹೋಗಿ ಮನುಷ್ಯ ನಿದ್ದೆಯಲ್ಲೇ ಪ್ರಜ್ಞೆ ತಪ್ಪುತ್ತಾನೆ. ಮತ್ತೆ ಏಳದೆಯೂ ಇರಬಹುದು.

ಇದನ್ನು ಮದುವೆಗೆ ಮೊದಲು ಯಾರೂ ಅವಳಿಗೆ ಹೇಳಿರಲಿಲ್ಲ. ನಾಲ್ಕನೇ ರಾತ್ರಿ ಗಂಡ ಬೆವರಿನಲ್ಲಿ ತೊಯ್ದು, ಏನೇನೋ ಬಡಬಡಿಸುತ್ತ ಗೋಡೆಗೆ ಗುದ್ದುವುದನ್ನು ಕಂಡು, ಗಾಳಿ ಸೋಂಕಿದೆಯೆಂದೇ ತಿಳಿದು ಅತ್ತೆಯನ್ನು ಕೂಗಿದಳು. ಅತ್ತೆ ತಂದದ್ದು ವಿಭೂತಿಯಲ್ಲ, ಸಕ್ಕರೆ ನೀರು. ಮಗ ಕುಡಿದು ಸುಧಾರಿಸಿದ ಮೇಲೆ "ಇವತ್ತಿಂದ ನೀ ನೋಡ್ಕೊ" ಎಂದು ಖಾಲಿ ಲೋಟ ಸೊಸೆಯ ಕೈಗಿಟ್ಟು ಹೋಗಿ ಮಲಗಿದಳು. ಆ ಮುದುಕಿ ಅವತ್ತು ಎಷ್ಟು ವರ್ಷಗಳ ನಿದ್ದೆ ಮಾಡಿದಳೋ.

ಅಂದಿನಿಂದ ಸುಗಂಧಾ ಕಾವಲಿಗೆ ನಿಂತಳು. ಸೆಕೆಯ ಬೆವರು ಬೆಚ್ಚಗಿರುತ್ತದೆ, ಸಕ್ಕರೆ ಇಳಿದ ಬೆವರು ತಣ್ಣಗಿರುತ್ತದೆ ಎಂಬುದನ್ನು ಯಾವ ಡಾಕ್ಟರೂ ಕಲಿಸಲಿಲ್ಲ, ಅವಳ ಅಂಗೈ ತಾನೇ ಕಲಿತುಕೊಂಡಿತು. ತಲೆದಿಂಬಿನ ಪಕ್ಕ ಸಕ್ಕರೆ ಅಳೆಯುವ ಮೀಟರು, ಒಂದು ಬಾಟಲಿ ಜೋನಿಬೆಲ್ಲ. ಜೇನಿನ ಹಾಗೆ ಸುರಿಯುವ ಆ ಬೆಲ್ಲವನ್ನು ಕತ್ತಲೆಯಲ್ಲೂ ಬಾಯಿಗೆ ಹಾಕಬಹುದು ಎಂಬುದು ಅವಳ ಲೆಕ್ಕ.

ಇಷ್ಟೆಲ್ಲ ಮಾಡಿಯೂ ಅವಳು ಬಾಯಿ ಬಿಡುವಂತಿರಲಿಲ್ಲ. ಬಿಣಗಾದ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವ ದೇವಿದಾಸನಿಗೆ ಜೊತೆಯವರು ಪಥ್ಯದ ಗಿರಾಕಿ ಎಂದು ಕರೆದಾರೆಂಬ ಹೆದರಿಕೆ. "ಯಾರ ಹತ್ರನೂ ಹೇಳೂದಲ್ಲ" ಎಂದು ಆಣೆ ಹಾಕಿಸಿಕೊಂಡಿದ್ದ. ಕಾರವಾರದ ಹಾಸ್ಟೆಲಿನಲ್ಲಿ ಓದುತ್ತಿದ್ದ ಮಗಳು ಪ್ರೇಕ್ಷಾಳಿಗೆ ಗೊತ್ತಿದ್ದದ್ದು ಬಿಟ್ಟರೆ ಸಂಗತಿ ಮನೆಯ ಹೊಸಿಲು ದಾಟಿರಲಿಲ್ಲ. ಊರಲ್ಲಿ ಯಾರ ಮನೆಯ ಹೆಂಚು ಜಾರಿದರೂ ಮೊದಲು ಏಣಿ ಹತ್ತುವವನು ದೇವಿದಾಸನೇ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವುದು ಇಂಥವರನ್ನು ನೋಡಿಯೇ ಇರಬೇಕು.

ಕಳೆದ ಮಳೆಗಾಲದ ಒಂದು ರಾತ್ರಿ, ಎಂಟೂವರೆಗೆ, ದೇವಿದಾಸ ಇನ್ಸುಲಿನ್ ಚುಚ್ಚಿಕೊಂಡು ಸೂಜಿ ಎತ್ತಿಡುವಷ್ಟರಲ್ಲಿ ಅಂಗಳದಲ್ಲಿ ಬೈಕು ನಿಂತಿತು. ಅವನ ಜೊತೆ ಕೆಲಸ ಮಾಡುವ ಮಂಗೇಶ, ಕುಮಟೆಯವನು, ಅಡಿಯಿಂದ ಮುಡಿಯವರೆಗೆ ಒದ್ದೆ. ಮುಂದೆ ಹೆದ್ದಾರಿಯ ಮೇಲೆ ಗುಡ್ಡ ಜರಿದು ದಾರಿ ಬಂದಾಗಿತ್ತು.

"ಇವತ್ತು ಇಲ್ಲೇ ಠಿಕಾಣಿ, ದಾದಾ" ಎಂದ ಮಂಗೇಶ. ಅವನಿಗೆ ದೇವಿದಾಸ ದಾದಾ, ಅಂದರೆ ಅಣ್ಣ; ಸುಗಂಧಾ ವೈನಿ, ಅಂದರೆ ಅತ್ತಿಗೆ. ಬಂದವರಿಗೆ ಬೆಲ್ಲ, ನೀರು ಕೊಡದೆ ಇರುವ ಮನೆ ನಮ್ಮ ಕಡೆ ಇಲ್ಲ. ಅಡುಗೆಮನೆಯ ಬೆಲ್ಲ ಮುಗಿದಿತ್ತು. ಸುಗಂಧಾ ದಿಂಬಿನ ಪಕ್ಕದ ಬಾಟಲಿಯನ್ನೇ ತಂದು ಜೋನಿಬೆಲ್ಲ ಬಟ್ಟಲಿಗೆ ಸುರಿದಳು. ದಿನವಿಡೀ ದುಡಿದು ಬಂದವನು ಕೇಳಿ ಕೇಳಿ ಹಾಕಿಸಿಕೊಂಡ. ಖಾಲಿ ಬಾಟಲಿಯನ್ನು ತೊಳೆದು ಮಗುಚಿಟ್ಟಳು, ನಾಳೆ ತುಂಬಿಸಿದರಾಯಿತೆಂದು.

ಪಾತ್ರೆಯಲ್ಲಿದ್ದದ್ದು ಇಬ್ಬರಿಗಾಗುವಷ್ಟು ಅನ್ನ. ಮತ್ತೆ ಅಕ್ಕಿ ಹಾಕುತ್ತೇನೆಂದಳು. "ಇದ್ದದ್ದು ಸಾಕು, ನಾನೇ ಬಡಿಸ್ತೆ. ನೀ ಒಣಬಂಗಡೆ ಸುಡು" ಎಂದ ಗಂಡ. ಅವಳು ಹಿತ್ತಲ ಚಪ್ಪರದ ಒಲೆಗೆ ಹೋದಳು. ಹಸಿ ಕಟ್ಟಿಗೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಮೀನು ಸುಟ್ಟು ತರುವಾಗ ಇಬ್ಬರದೂ ಕೈ ತೊಳೆದಾಗಿತ್ತು. ಮೀನನ್ನು ಮಂಗೇಶ ಬರಿದೇ ತಿಂದ. ಸುಗಂಧಾ ಪಾತ್ರೆಯ ತಳದಲ್ಲಿ ಉಳಿದ ಅನ್ನಕ್ಕೆ ನೀರು ಬೆರೆಸಿ ಕುಡಿದು, ಗಂಡನನ್ನು ಕೇಳಿದಳು.

"ಊಟ ಸಮಾ ಆಯ್ತಾ?"

"ಮಂಗೇಶನ ಸಂಗಡನೇ ಉಂಡೆ."

ಅವಳು ನಂಬಿದಳು. ದಿನಾ ತಾನೇ ಬಡಿಸಿ ತಟ್ಟೆ ಖಾಲಿಯಾಗುವವರೆಗೆ ಎದುರು ಕೂರುವವಳು ಅವತ್ತು ಒಂದು ಮಾತನ್ನು ನಂಬಿದಳು.

ರಾತ್ರಿ ಎರಡೂವರೆಗೆ ಎಚ್ಚರವಾಯಿತು. ಅವಳ ಕೈ ಗಂಡನ ಕುತ್ತಿಗೆಯಿಂದ ಜಾರಿ ಹಾಸಿಗೆಯ ಮೇಲೆ ಬಿದ್ದಿತ್ತು, ಗಂಡನ ಗಂಟಲಿನಿಂದ ಗೊರಗೊರ ಸದ್ದು. ಕುತ್ತಿಗೆ ಮುಟ್ಟಿದರೆ ಬಾವಿಕಟ್ಟೆಯ ಹಾಗೆ ತಣ್ಣಗೆ, ಒದ್ದೆ. ಕರೆದಳು, ಕೆನ್ನೆ ತಟ್ಟಿದಳು, ಕಣ್ಣು ತೆರೆಯಲಿಲ್ಲ. ಬೆರಳು ಚುಚ್ಚಿ ನೋಡಿದರೆ ಮೀಟರಿನಲ್ಲಿ ಮೂವತ್ತೊಂದು. ಇಷ್ಟು ಕೆಳಗೆ ಅವಳು ಯಾವತ್ತೂ ಕಂಡಿರಲಿಲ್ಲ. ಬಾಟಲಿಗೆ ಕೈ ಹಾಕಿದಳು. ಬಾಟಲಿ ಇರಲಿಲ್ಲ. ಅದನ್ನು ತೊಳೆದಿಟ್ಟದ್ದು ಆಗ ನೆನಪಾಯಿತು.

ಅಡುಗೆಮನೆಗೆ ಓಡುವಾಗ ನಡುಮನೆಯಲ್ಲಿ ಮಲಗಿದ್ದ ಮಂಗೇಶನ ಕಾಲು ತುಳಿದಳು.

"ಎಂಥಾಯ್ತು ವೈನಿ?"

"ಎಂಥದಿಲ್ಲ. ನೀವು ಮಲಗ್ರಿ."

ಇಪ್ಪತ್ತಾರು ವರ್ಷದ ರೂಢಿ, ಬಾಯಿ ತಾನಾಗಿಯೇ ಹೇಳಿತು. ಸಕ್ಕರೆ ಡಬ್ಬಿ ಹಿಡಿದು ಮರಳುವಾಗ ಒಳಗಿನ ಆ ಸದ್ದು ಇನ್ನೂ ಜೋರಾಗಿತ್ತು. ಆಣೆ ಉಳಿಸಿಕೊಂಡು ಗಂಡನನ್ನು ಕಳೆದುಕೊಳ್ಳುವುದೇ? ಅವಳಿಗೆ ಅವನ ಮೇಲೆ, ಅವನ ಮರ್ಯಾದೆಯ ಮೇಲೆ, ತನ್ನ ಮೇಲೆಯೇ ಸಿಟ್ಟು ಬಂತು.

"ಮಂಗೇಶ, ಏಳ್ರಿ. ಇವ್ರಿಗೆ ಸಣ್ಣ ಪ್ರಾಯದಿಂದ ಸಕ್ಕರೆ ಕಾಯಿಲೆ ಅದೆ. ಸಕ್ಕರೆ ಇಳ್ದು ಜ್ಞಾನ ತಪ್ಪೋಯ್ತು. ಆಂಬುಲೆನ್ಸಿಗೆ ಫೋನ್ ಮಾಡ್ರಿ."

ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಸುರಿದರೆ ಶ್ವಾಸಕ್ಕೆ ಹೋಗುತ್ತದೆಂದು ಡಾಕ್ಟರು ಹೇಳಿದ್ದು ಅವಳಿಗೆ ನೆನಪಿತ್ತು. ಗಂಡನನ್ನು ಮಗ್ಗುಲಾಗಿ ಹೊರಳಿಸಿ, ಸಕ್ಕರೆಗೆ ನಾಲ್ಕು ಹನಿ ನೀರು ಕಲಸಿ, ಕೆನ್ನೆಯ ಒಳಗೆ, ಒಸಡಿಗೆ ಸವರತೊಡಗಿದಳು. ಫೋನ್ ಮುಗಿಸಿದ ಮಂಗೇಶ ಅವನ ತಲೆ ಹಿಡಿದು ಕೂತ.

"ಹೀಗೆ ಆಗೂದು ಉಣ್ಣದಿದ್ರೆ ಮಾತ್ರ" ಎಂದಳು ಸುಗಂಧಾ. "ನಿಮ್ಮ ಸಂಗಡನೇ ಉಂಡ್ರಲ್ಲ?"

"ನನ್ನ ಸಂಗಡ? ಇಲ್ಲ ವೈನಿ. ನಂದು ಮೊದಲೇ ಆಯ್ತು, ನೀ ಉಣ್ಣು ಅಂದ್ರು. ನಾಲ್ಕು ಬಿಸ್ಕತ್ತು ತಿಂದ್ರು, ಅಷ್ಟೇ."

ಹಸಿದು ಬಂದವನ ತಟ್ಟೆಗೆ ತನ್ನ ಪಾಲಿನ ಅನ್ನ ಹಾಕಿ, ಅವನಿಗೆ ಸಂಕೋಚವಾಗದಿರಲೆಂದು ಒಂದು ಸುಳ್ಳು, ಹೆಂಡತಿ ಮತ್ತೆ ಒಲೆ ಹೊತ್ತಿಸದಿರಲೆಂದು ಇನ್ನೊಂದು. ಹೊಟ್ಟೆಯೊಳಗಿನ ಇನ್ಸುಲಿನ್‌ಗೆ ಮಾತ್ರ ಯಾವ ಸುಳ್ಳೂ ನಡೆಯಲಿಲ್ಲ.

"ನಾ ಎರಡು ಸಲ ಅನ್ನ ಕೇಳಿ ಹಾಕಿಸ್ಕೊಂಡೆ" ಎಂದ ಮಂಗೇಶ, ಯಾರಿಗೆಂದಿಲ್ಲದೆ.

ಸವರುತ್ತ ಸವರುತ್ತ ಅವಳ ಬೆರಳು ಮರಗಟ್ಟಿತು. ಮೀಟರು ಮೂವತ್ತಾರು ಅಂದಿತು, ಆಮೇಲೆ ನಲವತ್ತನಾಲ್ಕು. ಆಂಬುಲೆನ್ಸಿನ ದೀಪ ಗೋಡೆಗೆ ಬೀಳುವ ಹೊತ್ತಿಗೆ ದೇವಿದಾಸ ಒಮ್ಮೆ ನುಂಗಿದ. ಆ ಒಂದು ಗುಟುಕಿಗೆ ಸುಗಂಧಾ ಅತ್ತುಬಿಟ್ಟಳು. ಅಂಕೋಲೆಯ ಆಸ್ಪತ್ರೆಯಲ್ಲಿ ಗ್ಲುಕೋಸ್ ಏರಿಸಿದ ಮೇಲೆ ಅವನು ಪೂರ್ತಿ ಕಣ್ಣು ಬಿಟ್ಟು, ಮಂಗೇಶನನ್ನು ನೋಡಿ ಮುಖ ಆಚೆ ತಿರುಗಿಸಿದ.

ಮರುದಿನ ಮಧ್ಯಾಹ್ನ ಮನೆಗೆ ಕಳಿಸಿದರು. ಹೆದ್ದಾರಿ ಇನ್ನೂ ತೆರೆದಿರಲಿಲ್ಲ. ಸುಗಂಧಾ ದೊಡ್ಡ ಪಾತ್ರೆ ತುಂಬ ಅನ್ನ ಮಾಡಿ, ರೂಢಿಯಂತೆ ಮೊದಲು ಅತಿಥಿಯ ತಟ್ಟೆಗೆ ಸೌಟು ನೀಡಿದಳು. ಮಂಗೇಶ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ.

"ಮೊದಲು ದಾದಾಗೆ ವೈನಿ. ಅವ್ರು ಉಂಡು ಮುಗಿಸೂದನ್ನ ಕಣ್ಣಾರೆ ನೋಡಿ ಆಮೇಲೆ ನಾ ಉಣ್ತೆ. ಪಾಳಿಯಲ್ಲೂ ಇನ್ನು ಮುಂದೆ ಹೀಗೇ."

ಅತಿಥಿ ಖಾಲಿ ತಟ್ಟೆಯೆದುರು ಕೂತಿರುವಾಗ ದೇವಿದಾಸ ತಲೆ ತಗ್ಗಿಸಿ ಉಂಡ. ಅಗುಳು ಅಗುಳಾಗಿ, ಕೊನೆಯ ತುತ್ತಿನವರೆಗೆ. ಇಬ್ಬರು ನೋಡುತ್ತಿದ್ದರು. ಇಷ್ಟು ವರ್ಷ ಒಬ್ಬಳೇ ನೋಡುತ್ತಿದ್ದಳು.

ಊಟವಾದ ಮೇಲೆ ಸುಗಂಧಾ ಗೋಡೆಯ ಕಡೆ ಮುಖ ಮಾಡಿ, ಬಲಗೈಯನ್ನು ತನ್ನ ಕೆನ್ನೆಯ ಕೆಳಗೇ ಇಟ್ಟುಕೊಂಡು ಮಲಗಿದಳು. ಕತ್ತಲಾಗುವಾಗ ಗಾಬರಿಯಿಂದ ಎದ್ದು ಕೂತು, ಪಕ್ಕದಲ್ಲಿ ಕಾಣದ ಗಂಡನನ್ನು ಹುಡುಕುತ್ತ ಜಗಲಿಗೆ ಬಂದಳು. ಅಲ್ಲಿ ಮಂಗೇಶ ಕೂತಿದ್ದ, ಅವನ ಪಕ್ಕದಲ್ಲಿ ಚಾಪೆಯ ಮೇಲೆ ದೇವಿದಾಸ ನಿದ್ದೆಹೋಗಿದ್ದ.

"ಈಗಷ್ಟೇ ಮುಟ್ಟಿ ನೋಡಿದೆ ವೈನಿ" ಎಂದ ಮಂಗೇಶ, "ಬೆಚ್ಚಗೇ ಅದೆ."

ಆದರೂ ಅವಳು ಬಗ್ಗಿ ಒಮ್ಮೆ ಮುಟ್ಟಿದಳು.