ಶುದ್ಧ ಮಾಡಿದ ಬಾವಿ

ಕೋಟೇಶ್ವರದ ಗೋದಾವರಿಯ ಗಂಡ ಕೃಷ್ಣಯ್ಯ ಬೊಂಬಾಯಿಯ ಹೋಟೆಲಿನಲ್ಲಿ ಅಡಿಗೆಗಿದ್ದ. ಊರಿನ ಮನೆಯಲ್ಲಿ ಅವಳು, ಪುಟ್ಟ ಮಗಳು ವನಜ, ದೇವಸ್ಥಾನದ ಪೂಜೆಯ ಮಾವ ಶಾಮರಾಯರು. ಬಾವಿಗೆ ಕಟ್ಟೆಯಿರಲಿಲ್ಲ. ಮಳೆ ಬಂದರೆ ದನದ ಹಟ್ಟಿಯ ನೀರೆಲ್ಲ ನೇರ ಬಾವಿಗೆ. ಅದನ್ನು ಮೈಲಿಗೆ ಎಂದವರು ಒಬ್ಬರೂ ಇಲ್ಲ.

೧೯೬೪ರ ಮಳೆಗಾಲದಲ್ಲಿ ಪಕ್ಕದ ಊರು ಬೀಜಾಡಿಯಲ್ಲಿ ವಾಂತಿಭೇದಿ ಹಬ್ಬಿತು. ಬಾವಿಗೆ ಹಾಕಲೆಂದು ಪಂಚಾಯ್ತಿಯಿಂದ ಮನೆಮನೆಗೆ ಬ್ಲೀಚಿಂಗ್ ಪುಡಿ ಹಂಚುವ ನಾಗ ಪೊಟ್ಟಣವನ್ನು ಅಂಗಳದ ಅಂಚಿನಲ್ಲಿಟ್ಟು ಹೋದ. ಜಗಲಿ ಹತ್ತುವ ಜಾತಿಯಲ್ಲ ಅವನದು. ಗೋದಾವರಿ ಪುಡಿಯನ್ನು ನೀರಲ್ಲಿ ಕದಡಿ, ತಿಳಿಯನ್ನು ಬಾವಿಗೆ ಹೊಯ್ದಳು. ಬೆಳಿಗ್ಗೆ ಪೂಜೆಗೆ ನೀರು ಸೇದಿದ ಮಾವನ ಮೂಗಿಗೆ ವಾಸನೆ ಹೊಡೆಯಿತು.

"ಬಾವಿಗೆ ಎಂತ ಹಾಕಿದ್ದೆ?"

"ಔಷಧಿ ಮಾವಯ್ಯ. ಬೀಜಾಡಿಲಿ ವಾಂತಿಭೇದಿ ಅಂಬ್ರಲೆ. ವಾಸ್ನೆ ನಾಳಿಕೆ ಹೋತ್ತ್."

"ಅಲ್ಲಿವರಿಗೆ ದೇವ್ರ್ ಮೂಗ್ ಮುಚ್ಕಂಡ್ ಮೀಯೂದಾ? ಆ ನಾಗ ಮುಟ್ಟಿದ ಪುಡಿ ಬೇರೆ."

ಆಳು ಹಚ್ಚಿ ಸಂಜೆಯವರೆಗೆ ನೀರೆತ್ತಿಸಿದರು. ಪುಡಿ ಹೋಯಿತು, ಹಟ್ಟಿಯ ನೀರು ಮತ್ತೆ ತುಂಬಿತು. ಮರುದಿನ ಮಂತ್ರ ಹೇಳಿ, ಅದೇ ಹಟ್ಟಿಯ ಸೆಗಣಿ ಗಂಜಲ ಸೇರಿಸಿದ ಪಂಚಗವ್ಯವನ್ನು ಬಾವಿಗೆ ಹೊಯ್ದು ಶುದ್ಧವಾಯಿತು ಎಂದರು. ಆಮೇಲೆ ಆ ನೀರನ್ನೇ ತೀರ್ಥವೆಂದು ಶುದ್ಧಿಗೆ ಬಂದ ಊರವರೆಲ್ಲರ ಅಂಗೈಗೆ ಹಾಕುತ್ತ ಬಂದರು.

ಗೋದಾವರಿ ಮಗಳ ಕೈ ಹಿಡಿದುಕೊಂಡಳು. "ಇವಳಿಗೆ ಕುದ್ಸಿ ಕೊಡ್ತೆ ಮಾವಯ್ಯ, ಒಂದ್ ಗಳಿಗಿ."

"ತೀರ್ಥ ಕುದ್ಸುವವ್ರ್ ಎಲ್ಲಾದ್ರೂ ಇದ್ರಾ? ಹಾಂಗೇ ಒಂದ್ ಒಗ್ಗರಣಿಯೂ ಹಾಕ್."

ನೆರೆದವರು ನಕ್ಕರು. ಆ ನಗೆಗೆ ಅವಳ ಹಿಡಿತ ಸಡಿಲವಾಯಿತು. ಮಗು ಕುಡಿಯಿತು.

ಮೂರನೆಯ ದಿನ ವನಜಳಿಗೆ ವಾಂತಿಭೇದಿ. ಕುಂದಾಪುರದ ಆಸ್ಪತ್ರೆಗೆಂದು ಎತ್ತಿಕೊಂಡು ಬಸ್ಸಿಗೆ ಕಾಯುತ್ತಿದ್ದಾಗಲೇ ತಾಯಿಯ ತೋಳಿನಲ್ಲಿ ಮಗು ತಣ್ಣಗಾಯಿತು. ಊರಿಗೆ ಕಾರಣ ಹುಡುಕಲು ಕಷ್ಟವಾಗಲಿಲ್ಲ: ಬಾವಿಗೆ ವಿಷ ಹಾಕಿದ ತಾಯಿ. ಹಾಗೆಂದವರಲ್ಲಿ ಶಾಮರಾಯರೇ ಮೊದಲಿಗರು. ಕೃಷ್ಣಯ್ಯ ಬಂದ, ಅಪ್ಪನ ಮಾತು ಕೇಳಿದ, ಹೆಂಡತಿಯ ಮುಖ ನೋಡದೆ ಬೊಂಬಾಯಿಗೆ ಹೊರಟ. ಹತ್ತು ಜನರ ಮುಂದೆ ತೀರ್ಥ ಕೊಟ್ಟ ಕೈಯನ್ನು ಪ್ರಶ್ನಿಸುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ, ಓದಿದ ಶಾಲೆ ಮಾಸ್ತರರಿಗೂ.

ಗೋದಾವರಿ ಆ ಮನೆಯಲ್ಲೇ ಉಳಿದಳು, ಹೋಗುವುದಾದರೂ ಎಲ್ಲಿಗೆ? ಅಂದಿನಿಂದ ತನಗೆ ಬೇಕಾದ ನೀರನ್ನು ಬೇರೆ ಚೆರಿಗೆಯಲ್ಲಿ ಕುದಿಸಿ ಕುಡಿದಳು. ಊರವರು ಹುಚ್ಚು ಎಂದರು.

೧೯೭೦ರ ಮಳೆಗಾಲದಲ್ಲಿ ಶಾಮರಾಯರಿಗೇ ಭೇದಿ ಹಿಡಿಯಿತು. ಚಾಪೆಯಿಂದ ಏಳಲಾರದ ಅವರು ಸೊಸೆ ತಂದ ಲೋಟ ನೋಡಿ, ದನಿ ತಗ್ಗಿಸಿ ಕೇಳಿದರು:

"ಕುದ್ಸಿದ್ಯಾ?"

"ಹೌದ್ ಮಾವಯ್ಯ."

ಗಟಗಟ ಕುಡಿದರು. ಬದುಕಿಕೊಂಡರು. ವನಜಳ ಹೆಸರೆತ್ತಲಿಲ್ಲ.